ಹೊಗೆ ನಿಲ್ಲಿಸಿದ ಹಡಗು

ಪಲಾವು ದ್ವೀಪದ ಬಂದರು ಬಿಟ್ಟ ಮರುದಿನ ಮಧ್ಯಾಹ್ನ ಕಾವಲು ಹಡಗು ಮತ್ತೆ ಸಂಕೇತದ ಬಾವುಟ ಏರಿಸಿತು. 'ಸುಗಿಸಾಕ ಮರು' ಎಂಬ ಹಳೆಯ ಸಾಗಣೆ ಹಡಗು ಹೊಗೆ ಉಗುಳಬಾರದು. ಹಡಗುಗಳ ಸಾಲಿನಿಂದ ಹಿಂದೆ ಬೀಳಲೂಬಾರದು.

ಮುಖ್ಯ ಇಂಜಿನಿಯರ್ ಇಸೋಬೆಗೆ ಈ ಆಜ್ಞೆ ತಲುಪಿದ್ದು ಮೇಲಿನಿಂದ ಇಂಜಿನ್ ಕೋಣೆಗೆ ಇಳಿದ ಮಾತಿನ ಕೊಳವೆಯಲ್ಲಿ, ಕ್ಯಾಪ್ಟನ್ ಹಟಾನೊ ಬಾಯಿಂದ.

"ಎರಡರಲ್ಲಿ ಒಂದು ಹೇಳೋಕೆ ಹೇಳಿ ಅವರಿಗೆ," ಎಂದ ಇಸೋಬೆ. "ಈ ಪುಡಿ ಕಲ್ಲಿದ್ದಲಲ್ಲಿ ಓಡಿದ್ರೆ ಹೊಗೆ. ಹೊಗೆ ಬೇಡ ಅಂದ್ರೆ ತೆವಳಾಟ."

"ಹೊಗೆ ಶತ್ರು ಕಣ್ಣಿಗೆ ಬಿದ್ರೆ ಎಲ್ಲಾ ಹಡಗೂ ಹೋಗ್ತವೆ, ಇಸೋಬೆಯವರೇ."

"ಹಿಂದೆ ಬಿದ್ರೆ ನಾವೊಬ್ರೇ, ಕ್ಯಾಪ್ಟನ್ರೇ."

"ಹೊಗೆ ನಿಲ್ಸಿ," ಎಂದಿತು ಕೊಳವೆ.

ಈ ಹಡಗು ಒಂದು ಕಾಲಕ್ಕೆ ಬಡಗಣ ಕರಾಫುತೊ ದ್ವೀಪದಿಂದ ಮರ ಸಾಗಿಸುತ್ತಿತ್ತು, ಆಮೇಲೆ ತೆಂಕಣ ದ್ವೀಪಗಳಿಂದ ಸಕ್ಕರೆ. ಸಕ್ಕರೆಯ ದಿನಗಳಲ್ಲಿ ಇರುವೆಗಳು ಇಸೋಬೆಯ ಹಾಸಿಗೆಯವರೆಗೂ ಬರುತ್ತಿದ್ದವು. ಯುದ್ಧ ಶುರುವಾದ ಮೇಲೆ ಸೈನ್ಯದವರು ಬೂದು ಬಣ್ಣ ಬಳಿದು, ಸರಕಿನ ಜಾಗದಲ್ಲಿ ಹಲಗೆಯ ಅಟ್ಟ ಕಟ್ಟಿ ಸಿಪಾಯಿಗಳನ್ನು ತುಂಬಿದರು. ಇರುವೆಗಳು ಎತ್ತ ಹೋದವೋ.

ಒಲೆಗೆ ಕಲ್ಲಿದ್ದಲು ಹಾಕುವವರ ಮುಂದಾಳು ಕುರಾತಾ ಸಲಿಕೆ ಊರಿ ನಿಂತ. "ಯಜಮಾನ್ರೇ, ಈ ಹಡಗು ಮುದುಕಿ ಕೈಯಿಂದ ಚಿಲುಮೆ ಕಿತ್ಕೊಂಡ್ರಿ. ಇನ್ನು ಉಸಿರೂ ಕಿತ್ಕೊಳ್ತೀರೋ?"

"ಬಾಯಿ ಮುಚ್ಕೊಂಡು ತೆಳ್ಳಗೆ ಹರಡೋ."

ತೆಳ್ಳಗೆ ಹರಡಿದರೆ ಹೊಗೆ ಕಡಿಮೆ, ಆವಿಯೂ ಕಡಿಮೆ. ಇಂಜಿನ್ನಿನ ಎರಡು ಬಡಿತಗಳ ನಡುವಿನ ಮೌನ ಉದ್ದವಾಗುತ್ತ ಹೋಯಿತು. ಇಸೋಬೆ ಬಡಿತವನ್ನು ಬಿಟ್ಟು ಆ ಮೌನವನ್ನೇ ಕೇಳುತ್ತ ನಿಂತ.

ಬಿಸಿಲು ಇಳಿಯುವ ಹೊತ್ತಿಗೆ ಮೇಲೆ ಬಂದು ನೋಡಿದ. ಚಿಮಣಿಯ ಮೇಲೆ ಬರಿಯ ಆಕಾಶ. ಸಾಲಿನ ಕೊನೆಯ ಹಡಗು ದಿಗಂತದಲ್ಲಿ ಅಕ್ಕಿಕಾಳಿನಷ್ಟಾಗಿತ್ತು. ಕಟಕಟೆಗೆ ಒರಗಿ ಒಣಮೀನು ಅಗಿಯುತ್ತಿದ್ದ ಸಿಪಾಯಿಯೊಬ್ಬ ಕೇಳಿದ: "ಅವ್ರು ನಮಗೋಸ್ಕರ ಕಾಯ್ತಾರೆ ಅಲ್ವಾ, ಯಜಮಾನ್ರೇ?"

ಇಸೋಬೆ ಕಣ್ಣಿಗೆ ಕೈ ಅಡ್ಡ ಹಿಡಿದು ನೀರಿನತ್ತ ನೋಡಿದ.

ಎಡಗಡೆಯ ನೀರಿನಲ್ಲಿ ಬಿಳಿ ಗೆರೆಯೊಂದು ಹಡಗಿನತ್ತ ನೇರವಾಗಿ ಬರುತ್ತಿತ್ತು. ಸಿಪಾಯಿ ಅದಕ್ಕೆ ಬೆರಳು ತೋರಿಸಿ, "ಮೀನಿನ ಹಿಂಡು," ಎಂದ. ಅದು ಟಾರ್ಪಿಡೊ ಎಂದು ಇಸೋಬೆಗೆ ಗೊತ್ತಾಯಿತು.

ಹಟಾನೊ ಕೂಡ ಅದನ್ನು ಕಂಡಿರಬೇಕು. ಕೆಳಗೆ ಪೂರ್ಣವೇಗದ ಗಂಟೆ ಬಡಿಯಿತು. ಆ ಗಂಟೆ ಬಡಿದರೆ ಒಲೆಯ ಮುಂದಿನವರು ತಲೆಯೆತ್ತಬಾರದು, ಯಾರ ಮಾತಿಗೂ ಕಿವಿಗೊಡಬಾರದು, ಸಲಿಕೆ ನಿಲ್ಲಿಸಬಾರದು. ಇಸೋಬೆಯೇ ಬೈದು, ಹೊಡೆದು ಕಲಿಸಿದ ಪಾಠ ಅದು.

"ಕುರಾತಾ, ಎಲ್ಲಾ ಬಿಟ್ಟು ಮೇಲೆ ಬನ್ರೋ," ಎಂದು ಏಣಿಯ ಬಾಯಿಗೆ ಬಗ್ಗಿ ಕೂಗಿದ.

ಕೆಳಗಿನಿಂದ ಸಲಿಕೆಗಳ ಸದ್ದು ಮಾತ್ರ ಬಂತು, ಚುರುಕಾಗಿ, ತಾಳ ತಪ್ಪದೆ.

ಅವನು ಏಣಿ ಇಳಿಯತೊಡಗಿದ.