ಸೀಳಿದ ತಗಡು

"ಬಟ್ಟೆ ಹಿಡ್ಕೊಂಡು ತೆಗಿಯೋ, ಕುದೀತಿದೆ ಅದು!" ಎಂದು ರಿಸ್ತೀನಾ ಕೂಗುವಷ್ಟರಲ್ಲಿ ಅವಳ ಗಂಡ ಹೆಯ್ಕಾ ಮುಚ್ಚಳ ತಿರುಗಿಸಿಯಾಗಿತ್ತು. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯ ಮೂತಿಯಿಂದ, ಇಂಜಿನ್ ತಣಿಸುವ ಹಸಿರು ಕೂಲೆಂಟ್ ಬುಸ್ಸೆಂದು ಉಕ್ಕಿ ಅವನ ಬರಿಗೈ ಮೇಲೆ ಹರಿಯಿತು. ಬೆರಳುಗಳಿಂದ ಹಬೆ ಏಳುತ್ತಿತ್ತು. ಅವನು ಹಾ ಎನ್ನಲಿಲ್ಲ, ಕೈಯನ್ನೂ ಹಿಂದಕ್ಕೆಳೆಯಲಿಲ್ಲ. ಒಳಗೆ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಲೇ ಇದ್ದ.

"ಏನೇ, ಹಂಗೆ ಬಾಯ್ಬಿಟ್ಕೊಂಡು ನೋಡ್ತೀಯಾ?"

"ನಿನ್ನ ಕೈ..."

ಆಗಷ್ಟೇ ಅವನು ತನ್ನ ಕೈ ನೋಡಿಕೊಂಡ. ಚರ್ಮ ಕೆಂಪಗೆ ಉಬ್ಬುತ್ತಿತ್ತು. ಕದ್ದ ಮಾಲು ಬಚ್ಚಿಡುವವನಂತೆ ಅದನ್ನು ಸರಕ್ಕನೆ ಹಿಮದೊಳಗೆ ತುರುಕಿದ.

"ಯಾವಾಗಿಂದ ಹಿಂಗೆ?"

"ಚಳಿಗೆ ಮರಗಟ್ಟಿದೆ ಅಷ್ಟೆ."

"ಎಲ್ಲಿದೆ ಚಳಿ? ಈ ಬಿಸಿಲಿಗೆ ನಾನೇ ಕೈಗವಸು ಬಿಚ್ಚಿದೀನಿ."

ಅವನು ಹಿಮವನ್ನೇ ನೋಡುತ್ತ ಕೂತ. "ಹೋದ ವರ್ಷದಿಂದ. ಮೊದ್ಲು ಬೆಳ್ಳಗಾಗ್ತಿತ್ತು. ಈಗ ಬೆರಳು ನಂದೋ ಇನ್ಯಾರದ್ದೋ, ಅದೇ ಗೊತ್ತಾಗಲ್ಲ. ಹ್ಯಾಂಡಲ್ ನಡುಗಿ ನಡುಗಿ ನರ ಸತ್ತಿದೆಯಂತೆ. ಗಾಡಿ ಓಡಿಸೋದು ಬಿಡು ಅಂದ್ರು ಡಾಕ್ಟ್ರು."

"ಡಾಕ್ಟ್ರ ಹತ್ರನೂ ಹೋಗಿದ್ದೆಯಾ? ನಂಗೆ ಹೇಳ್ದೆ?"

"ಹೇಳಿದ್ರೆ ನೀನೂ ಅದನ್ನೇ ಅಂತಿದ್ದೆ."

ಈ ಚಳಿಗಾಲವೆಲ್ಲ ಅವನ ಕೈಯಿಂದ ಹಗ್ಗ ಜಾರುತ್ತಿತ್ತು, ಲೋಟ ಬೀಳುತ್ತಿತ್ತು. ಅವಳು ನೆಂಟರಿಷ್ಟರ ಮುಂದೆಲ್ಲ 'ನಮ್ಮನೆ ಮುದುಕ' ಎಂದು ನಗಾಡಿದ್ದಳು. ಈಗ ನಾಚಿಕೊಳ್ಳುವುದಕ್ಕೂ ರೇಗುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ತಮ್ಮ ಹಿಮಸಾರಂಗಗಳ ಮಂದೆ ಬೇಸಿಗೆಯ ಮೇವಿಗೆ ಕರಾವಳಿಯ ಕಡೆಗೆ ಹೊರಟಾಗಿನಿಂದ ಇಬ್ಬರಿಗೂ ನೆಟ್ಟಗೆ ನಿದ್ದೆಯಿಲ್ಲ. ಗಬ್ಬದ ಸಾರಂಗಗಳನ್ನು ಮೈದುನನ ಮನೆಯವರು ಮುಂದಕ್ಕೆ ಹೊಡೆದುಕೊಂಡು ಹೋಗಿದ್ದರು. ನದಿಯ ಮೇಲಿನ ಮಂಜುಗಡ್ಡೆ ಮೆತ್ತಗಾಗುವ ಮೊದಲು ಇವರೂ ದಾಟಬೇಕಿತ್ತು.

ಅವನ ಬೆರಳುಗಳಿಗೆ ತನ್ನ ಕುತ್ತಿಗೆಯ ವಸ್ತ್ರ ಸುತ್ತಿದಳು. ಇಬ್ಬರೂ ಹೆಗಲು ಕೊಟ್ಟು ಗಾಡಿಯನ್ನು ಮಗ್ಗುಲಿಗೆ ಉರುಳಿಸಿದರು. ಗಾಡಿಯಡಿ ಚಕ್ರದಂತೆ ಸುತ್ತುವ ರಬ್ಬರ್ ಪಟ್ಟಿಯ ಮೊಳೆಯೊಂದು ಸಡಿಲಾಗಿ, ಸೀಟಿನ ಕೆಳಗೆ ಕೂಲೆಂಟ್ ತಣಿಯುವ ತೆಳು ತಗಡನ್ನು ಸೀಳಿತ್ತು. ಕಲಸಿದರೆ ಕಲ್ಲಾಗುವ ಅಂಟಿನ ಪೊಟ್ಟಣವನ್ನು ಹೆಯ್ಕಾ ಎಡಗೈಯಲ್ಲಿ ಹಿಡಿದು ಹಲ್ಲಿನಿಂದ ಬಿಚ್ಚಲು ನೋಡಿದ. ಆಗಲಿಲ್ಲ. ರಿಸ್ತೀನಾ ಅದನ್ನು ಇಸಿದುಕೊಂಡಳು.

"ಮೊದ್ಲು ಒರೆಸು. ಆಮೇಲೆ ಉಜ್ಜು. ಹಂಗಲ್ವೇ, ಕೂಸಿನ ಕೆನ್ನೆ ಸವರ್ದಂಗೆ ಸವರ್ತೀಯಲ್ಲ!"

"ಸುಮ್ನಿರು. ಇಲ್ದಿದ್ರೆ ನಿನ್ನ ಬಾಯಿಗೇ ಮೆತ್ತುತೀನಿ."

ಹೆಯ್ಕಾ ನಕ್ಕ. ಅವಳಿಗೂ ನಗು ಬಂತು, ಆದರೆ ನಗಲಿಲ್ಲ.

ಅಂಟು ಅವಳ ಅಂಗೈಯಲ್ಲಿ ಬೆಚ್ಚಗಾಯಿತು. ಸೀಳಿನೊಳಕ್ಕೆ ಒತ್ತಿ, ಬೇಗ ಗಟ್ಟಿಯಾಗಲೆಂದು ಕಾಫಿ ಕಾಯಿಸುವ ಪುಟ್ಟ ಒಲೆ ಹಚ್ಚಿ ಅದರ ಪಕ್ಕಕ್ಕೆ ಸರಿಸಿದಳು. ತಮ್ಮ ಕಡೆಯ ವಾಡಿಕೆಯಂತೆ ಕಾಫಿಗೆ ಚೀಸಿನ ತುಂಡು ಹಾಕಿಕೊಂಡು ಇಬ್ಬರೂ ಕಾದರು. ಹೆಯ್ಕಾ ಗಟ್ಟಿಯಾಯಿತೇ ಎಂದು ನೋಡಲು ಬೆರಳು ಚಾಚಿದವನು, ಅರ್ಧದಲ್ಲೇ ತಡೆದುಕೊಂಡ.

"ನೀನೇ ಮುಟ್ಟಿ ನೋಡು," ಎಂದ.

ಅವಳು ಮುಟ್ಟಿದಳು. ಕಲ್ಲಿನಂತಿತ್ತು.

ಗಾಡಿ ಎತ್ತಿ ನಿಲ್ಲಿಸಿ, ಡಬ್ಬಿಯಲ್ಲಿದ್ದ ಕೂಲೆಂಟ್ ಸುರಿದು, ಇಂಜಿನ್ ಓಡುತ್ತಿದ್ದಂತೆ ಗುಳ್ಳೆಗಳೆಲ್ಲ ಹೊರಬರುವವರೆಗೆ ನೋಡಿದರು. ಕೆಳಗೆ ಒಂದು ಹನಿಯೂ ತೊಟ್ಟಿಕ್ಕಲಿಲ್ಲ. ರಿಸ್ತೀನಾ ರೂಢಿಯಂತೆ ಗಾಡಿ ಹಿಂದೆ ಎಳೆದೊಯ್ಯುವ ಜಾರುಬಂಡಿಯ ಕಡೆ ನಡೆದರೆ, ಹೆಯ್ಕಾ ಆಗಲೇ ಅಲ್ಲಿ ಚರ್ಮದ ಹಾಸಿನ ಮೇಲೆ ಕೂತಿದ್ದ.

"ಮೆತ್ತನೆ ಹಿಮದಲ್ಲೇ ಓಡಿಸು. ಬರೀ ಮಂಜುಗಡ್ಡೆ ಮೇಲೆ ಹೋದ್ರೆ ತಗಡಿಗೆ ಹಿಮ ತಾಗ್ದೆ ಇಂಜಿನ್ ಕಾಯುತ್ತೆ," ಎಂದ, ಅವಳ ಮುಖ ನೋಡದೆ.

"ಗೊತ್ತು."

"ಗೊತ್ತಿದ್ರೂ ಹೇಳ್ತೀನಿ."

ಇಳಿಜಾರಿನಲ್ಲಿ ನದಿ ಕಂಡಾಗ ಅವಳು ಒಮ್ಮೆ ಹಿಂತಿರುಗಿದಳು. ಗಾಳಿಗೆ ಬೆನ್ನು ಕೊಟ್ಟು ಕೂತಿದ್ದ ಅವನ ತಲೆ, ಜಾರುಬಂಡಿ ಕುಲುಕಿದಂತೆಲ್ಲ ತೂಗುತ್ತಿತ್ತು. ನಿದ್ದೆ ಹತ್ತಿತ್ತು. ಗಾಡಿ ಎರಚಿದ ಹಿಮ ಅವನ ಟೋಪಿಯ ಮೇಲೆ, ಹೆಗಲ ಮೇಲೆ, ಸಣ್ಣಗೆ ಕೂರುತ್ತಿತ್ತು.