ಹೊಸ ದವಡೆ

"ಬಾಯಿ ಬಿಡೇ ಲೌಡಿ, ಎಷ್ಟು ಹಲ್ಲಾಗಿದಾವೆ ನೋಡಾಣ!"

ಸಂತೆಯಲ್ಲಿ ಕುರಿ ಕೊಳ್ಳುವವರು ಟಗರಿನ ಗದ್ದ ಹಿಡಿದು, ತುಟಿ ಎತ್ತಿ ವಯಸ್ಸು ನೋಡುತ್ತಾರಲ್ಲ, ಥೇಟ್ ಹಾಗೆಯೇ ಗುಡ್ಡಪ್ಪ ಜುಂಜೇಶನ ಗದ್ದಕ್ಕೆ ಕೈ ಹಾಕಿದ. ಗುಡ್ಡಪ್ಪ ಹಟ್ಟಿಯ ಯಜಮಾನ. ಅವನ ಹಿಂದೆ ಪೂಜಾರಿ ಜಂಪಣ್ಣ, ಪಕ್ಕದಲ್ಲಿ ಗುಡ್ಡಪ್ಪನ ಮಗ ದುರ್ಗೇಶ್, ಇನ್ನೂ ನಾಲ್ಕಾರು ಗಂಡಸರು. ಧರ್ಮಪುರದ ಬಸ್ಸಿಳಿದು ಬ್ಯಾಗು ಹೆಗಲಿಗೇರಿಸಿಕೊಂಡು ಬಂದ ಜುಂಜೇಶನನ್ನು ಹಟ್ಟಿಯ ಮುಳ್ಳುಬೇಲಿಯ ಬಾಯಲ್ಲೇ ತಡೆದು ನಿಲ್ಲಿಸಿದ್ದರು. ನೆತ್ತಿಯಿಂದ ಗದ್ದದ ಅಡಿಯವರೆಗೆ ಬಿಗಿದ ಆಸ್ಪತ್ರೆಯ ಪಟ್ಟಿ, ಅದರೊಳಗೆ ಊದಿ ಕುಂಬಳದಂತಾದ ಮುಖ. ನೋಡುವವರಿಗೆ ಒಳ್ಳೆ ತಮಾಷೆ.

"ಯಜಮಾನ್ರೆ, ಕೈ ತೆಗೀರಿ. ಒಳಗೆ ಹೊಲಿಗೆ ಹಾಕ್ಯಾರೆ."

"ಹೊಲಿಗೆ ಅಂತೆ ಕಣ್ರಲೇ! ಏನ್ ರವಿಕೆ ಹೊಲ್ಸಕ್ ಹೋಗಿದ್ಲಂತಾ?"

ಗಂಡಸರು ಹೋ ಎಂದು ನಕ್ಕರು. ಗುಡ್ಡಪ್ಪನ ಹೆಬ್ಬೆರಳು ದವಡೆಯ ಮೂಲೆಯನ್ನು ಇನ್ನಷ್ಟು ಒತ್ತಿತು. ಜುಂಜೇಶನ ಕಣ್ಣಿಗೆ ಕತ್ತಲೆ ಕಟ್ಟಿತು. ತುಟಿಯ ಕೊನೆಯಿಂದ ರಕ್ತ ಬೆರೆತ ಜೊಲ್ಲು ಇಳಿದು ಗುಡ್ಡಪ್ಪನ ಅಂಗೈಗೆ ಹರಿಯಿತು.

ಬೆಂಕಿ ಮುಟ್ಟಿದವನಂತೆ ಗುಡ್ಡಪ್ಪ ಕೈ ಕೊಡವಿದ. "ಥೂ! ರಕ್ತ ಕಣೋ ಜಂಪಣ್ಣ!"

ಜಂಪಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ರಕ್ತ ಬರೋ ಹೆಣ್ಣು ಬೇಲಿ ಒಳಗೆ ಕಾಲಿಡಂಗಿಲ್ಲ. ಹೊರಗಿನ ಗುಡ್ಸಲಿಗೆ ಹೋಗು. ಯಾರೂ ಮುಟ್ಬ್ಯಾಡ್ರಿ. ಮುಟ್ಟಿದೋರೂ ಹೊರಗೇ."

"ಬಾಯಿಂದ ಬಂದಿರೋ ರಕ್ತ ಪೂಜಾರಣ್ಣ."

"ಎಲ್ಲಿಂದ ಬಂದ್ರೇನು? ಹೆಣ್ಣಿನ ರಕ್ತ ಹೆಣ್ಣಿನ ರಕ್ತನೇ."

"ನಾನು ಹೆಣ್ಣಲ್ಲ."

"ಹೌದಪ್ಪ, ನೀನು ಜುಂಜಪ್ಪ! ನಮ್ ದೇವ್ರ ಹೆಸ್ರೇ ಬೇಕಾಗಿತ್ತೇನೆ ನೇತ್ರಾವತಿ ನಿನಗೆ?" ಎಂದು ಅವನು ಬಿಟ್ಟ ಹಳೆಯ ಹೆಸರನ್ನೇ ಎಳೆದು ಕರೆದ ಜಂಪಣ್ಣ, ಕೈಯಲ್ಲಿದ್ದ ಬೆತ್ತದಿಂದ ಗುಡಿಸಲಿನ ಕಡೆ ತೋರಿಸಿದ. ರಕ್ತ ಮುಟ್ಟಿದ ಗುಡ್ಡಪ್ಪನಿಗೂ ಅವತ್ತು ಬೇಲಿಯಾಚೆಯೇ ತಲೆಯ ಮೇಲೆ ನೀರು ಸುರಿಸಿಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತಾ ಒಳಗೆ ಹೋಗಬೇಕಾಯಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ಅವನ ಕಿವಿಗೆ ಬಿತ್ತು. ಅದನ್ನವನು ಮರೆಯುವ ಪೈಕಿಯಲ್ಲ.

ಜುಂಜೇಶ್ ಹಿರಿಯೂರಿನ ಹೈವೇ ಪಕ್ಕದ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ, ಅಲ್ಲೇ ಮಲಗುತ್ತಿದ್ದ. ವರ್ಷಗಟ್ಟಲೆ ತೆಗೆದುಕೊಂಡ ಗಂಡು ಹಾರ್ಮೋನಿನ ಇಂಜೆಕ್ಷನ್ನಿಗೆ ಗಂಟಲು ಒಡೆದಿತ್ತು, ಗಡ್ಡ ಬಂದಿತ್ತು. ಆದರೆ ಗಡ್ಡದ ಅಡಿಯ ಮೂಳೆ ಮಾತ್ರ ಹುಟ್ಟಿದ ಹಾಗೇ ಇತ್ತು, ವೀಳ್ಯದೆಲೆಯ ತುದಿಯಂತೆ ಚೂಪಾಗಿ, ಸಣ್ಣಗೆ. ಲಾರಿ ಡ್ರೈವರುಗಳು ಟೀ ಕುಡಿಯುತ್ತಾ ಅದನ್ನೇ ದಿಟ್ಟಿಸುವರು. "ಗಡ್ಡ ಅಂಟಿಸ್ಕಂಡಿರೋ ಹುಡುಗಿ ಇದ್ದಂಗೈತಲ್ಲೋ" ಎಂದು ಒಬ್ಬ ಅಂದರೆ, ಇನ್ನೊಬ್ಬ ಎಳೆದು ನೋಡಲು ಕೈ ಚಾಚುವನು. ಹಾಗೆ ಎಳೆಸಿಕೊಂಡ ಒಂದು ದಿನವೇ ಅವನು ನಿರ್ಧಾರ ಮಾಡಿದ್ದು. ಬೆಂಗಳೂರಿನ ಡಾಕ್ಟರು ಬಾಯಿಯ ಒಳಗಿನಿಂದಲೇ ಕೊಯ್ದು, ದವಡೆ ಗಂಡಸಿನದರಂತೆ ಅಗಲವಾಗಲೆಂದು ಅದರ ಎರಡೂ ಮೂಲೆಗೆ ಗಟ್ಟಿ ತುಂಡು ಕೂರಿಸಿದರು. ಆಸ್ಪತ್ರೆಯ ಕನ್ನಡಿಯಲ್ಲಿ ಊತದ ನಡುವೆಯೇ ಅವನು ಬೆರಳಿಟ್ಟು ಹುಡುಕಿದ್ದ. ಕಿವಿಯ ಕೆಳಗೆ, ಇರಬೇಕಾಗಿದ್ದ ಜಾಗದಲ್ಲಿ, ಒಂದು ಮೂಲೆ ಸಿಕ್ಕಿತ್ತು. ಪಟ್ಟಿಯ ಒಳಗೇ ನಕ್ಕು, ನೋವಿಗೆ ನರಳಿ, ಮತ್ತೆ ನಕ್ಕಿದ್ದ.

ಟೈರ್ ಸುಡುವ ಹೊಗೆಯಲ್ಲಿ ಗಾಯ ಮಾಯುವುದಿಲ್ಲವೆಂದು ಅಂಗಡಿಯವನು ವಾಸಿಯಾದ ಮೇಲೆ ಬಾ ಎಂದ. ಅವ್ವ ಜಯಕ್ಕ ಫೋನಿನಲ್ಲಿ, "ಅಗಿಯಕ್ಕಾಗದಿದ್ರೆ ಏನಾತು, ತಿಳಿ ಅಂಬ್ಲಿ ಕಾಸ್ಕೊಡ್ತೀನಿ ಬಾರೋ" ಎಂದಳು. ಅವಳು "ಬಾರೋ" ಅಂದದ್ದು ಅದೇ ಮೊದಲು. ಅದನ್ನು ಕೇಳಿಯೇ ಅವನು ಬಸ್ಸು ಹತ್ತಿದ್ದು.

ಗುಡಿಸಲಿನಲ್ಲಿ ಚಿಕ್ಕಪ್ಪನ ಮಗಳು ಕಾವ್ಯಶ್ರೀ ಒಬ್ಬಳೇ ಮೂರು ದಿನದ ಮುಟ್ಟು ಕಳೆಯುತ್ತಿದ್ದಳು. ಪಕ್ಕದಲ್ಲೇ ಸರ್ಕಾರದವರು ಹೆಂಗಸರಿಗೆಂದು ಕಟ್ಟಿಸಿದ ಕೋಣೆ ಇತ್ತು. ಅದರ ತುಂಬ ಗುಡ್ಡಪ್ಪನ ಶೇಂಗಾ ಚೀಲ, ಬಾಗಿಲಿಗೆ ಅವನದೇ ಬೀಗ.

"ಬಾರಣ್ಣ ಒಳಗೆ. ಈ ಅರಮನೆಗೆ ಬಂದಿರೋ ಮೊದಲ್ನೇ ಗಂಡಸು ನೀನೇ."

"ಹುಡುಗಿ ಇರೋ ಕಡೆ ನಾನು ಮಲಗಲ್ಲ ಕಣೇ. ಹೊರಗೇ ಇರ್ತೀನಿ."

"ನೋಡು ಮತ್ತೆ, ನಿನ್ನ ಹೆಣ್ಣು ಅನ್ನೋ ಮುದುಕ್ರಿಗೆ ಈ ಬುದ್ಧಿ ಇಲ್ಲ. ಹೋದ್ ವರ್ಷ ದುರ್ಗೇಶಣ್ಣ ಕುಡಿದು ಗಾಡಿಯಿಂದ ಬಿದ್ದು, ತಲೆ ಒಡ್ಕಂಡು ರಕ್ತ ಸೋರಿಸ್ಕೊಂಡೇ ಬಂದ. ಸೀದಾ ದೇವ್ರ ಕಟ್ಟೆ ಮೇಲೇ ಮಲಗಿಸಿದ್ರು. ಗಂಡಸಿನ ರಕ್ತ ಏನು ರೋಜ್ ಮಿಲ್ಕಾ?"

ಜುಂಜೇಶನಿಗೆ ನಗು ಬಂದು ಹೊಲಿಗೆ ಜಗ್ಗಿತು. "ನಗಿಸ್ಬ್ಯಾಡ ಕಣೇ, ಸಾಯ್ತೀನಿ."

ಡಾಕ್ಟರು ಹೇಳಿದ್ದು ಹೆಚ್ಚೇನಲ್ಲ. ಪೆಟ್ಟು ಬೀಳಬಾರದು, ಕೊಳೆ ಸೇರಬಾರದು. ಉಂಡಾಗಲೆಲ್ಲ ಶುದ್ಧ ನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಬೇಕು. ಜಯಕ್ಕ ಮೊದಲ ಸಂಜೆ ಕಾಯಿಸಿದ ನೀರನ್ನು ತಂದು ಬೇಲಿಯ ಹತ್ತಿರ ಇಟ್ಟಳು. ಜಂಪಣ್ಣ ಬಂದವನೇ ಕಾಲಿಂದ ಒದ್ದ. ಪಾತ್ರೆ ಉರುಳಿ ಬಿಸಿನೀರು ಅವಳ ಪಾದಕ್ಕೆ ಹಾರಿತು.

"ಒಳಗಿನ ಪಾತ್ರೆ ಹೊರಗೆ ಹೋದ್ರೆ, ತಂದೋಳೂ ಹೊರಗೇ. ಹಟ್ಟಿ ಬಿಟ್ಟು ಹೋಗೋಕೆ ರೆಡಿ ಇದ್ರೆ ತಗಂಬಾ ಜಯಕ್ಕ."

ಜಯಕ್ಕ ಪಾತ್ರೆ ಎತ್ತಿಕೊಂಡು ನಿಂತಳು. ಕುಂಟುತ್ತಾ ಒಳಗೆ ಹೋದಳು. ಹೊರಗಿನವರಿಗೆ ಉಳಿದದ್ದು ಕುರಿಗಳು ಕುಡಿಯುವ ತೊಟ್ಟಿ. ಪಾಚಿ ಕಟ್ಟಿದ ಹಸಿರು ನೀರು. ಕಾವ್ಯಶ್ರೀ ಅದನ್ನು ದುಪಟ್ಟಾದಲ್ಲಿ ಸೋಸಿ, ಡಬ್ಬದಲ್ಲಿ ಕಾಯಿಸಿ ಕೊಟ್ಟಳು. ಮರುದಿನ ಎಡದವಡೆ ಕಾವೇರಿತು. ಅದರ ಮರುದಿನ ಬಾಯಿಂದ ಬಂದ ವಾಸನೆಗೆ ಅವನೇ ಮುಖ ಸಿಂಡರಿಸಿದ. ಜ್ವರ ಬಂತು. ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದ.

"ಕೀವು ಒಳಗೆ ಇಳಿದ್ರೆ ಹಾಕಿರೋದನ್ನ ತೆಗೀಲೇಬೇಕಾಗುತ್ತೆ ಸಾರ್. ಎಷ್ಟು ಬೇಗ ಆದ್ರೆ ಅಷ್ಟು ಬೇಗ ಬನ್ನಿ. ಅಲ್ಲಿವರೆಗೂ ಬಿಡದೆ ಒಳ್ಳೆ ನೀರಲ್ಲಿ ಬಾಯಿ ತೊಳೀತಿರಿ ಸಾರ್."

ಎರಡು ಸಲ ಸಾರ್ ಅಂದಳು. ಆದರೆ ಬಸ್ಸಿರುವುದು ನಾಳೆ ಬೆಳಿಗ್ಗೆ.

ಅವತ್ತೇ ಮಧ್ಯಾಹ್ನದ ಹೊತ್ತಿಗೆ ಪಂಚಾಯ್ತಿ ಮೆಂಬರು ಶಿವಕುಮಾರಪ್ಪ ಬುಲೆಟ್ಟಿನಲ್ಲಿ ಬಂದ. ಹಟ್ಟಿಯ ಹೆಂಗಸರೆಲ್ಲ ಶೇಂಗಾ ಕೀಳುವುದು ಅವನ ಹೊಲದಲ್ಲೇ. ಗುಡಿಯ ಕಟ್ಟೆಯ ಪಕ್ಕದ ಫಿಲ್ಟರ್ ನೀರಿನ ಘಟಕಕ್ಕೆ ಟೇಪು ಕತ್ತರಿಸಿದವನೂ ಅವನೇ. ಜುಂಜೇಶ್ ಎದ್ದು ನಿಂತ.

"ಸಾರ್, ಒಂದ್ ಕೊಡ ಫಿಲ್ಟರ್ ನೀರು ಕೊಡ್ಸಿ. ಮತ್ತೇನೂ ಬ್ಯಾಡ."

ಶಿವಕುಮಾರಪ್ಪ ಗಾಡಿ ಆಫ್ ಮಾಡಲಿಲ್ಲ. ಮೊಬೈಲು ತೆಗೆದು ಅವನ ಫೋಟೊ ಒಂದನ್ನು ಹಿಡಿದ. "ಅಲ್ಲವ್ವಾ, ಅಲ್ಲಪ್ಪಾ, ಏನಂತ ಕರೀಲಿ? ಹೆಂಗಸ್ರ ಸಾಲಲ್ಲಿ ನಿಲ್ಲಿಸ್ಲೋ, ಗಂಡಸ್ರ ಸಾಲಲ್ಲೋ? ದೇವ್ರು ಕೊಟ್ಟ ಮುಖನ ಕೊಯ್ಸಿ ಪ್ಲಾಸ್ಟಿಕ್ ತುಂಬಿಸ್ಕಂಡು, ಈಗ ನೀರು ಕೊಡಿ ಅಂದ್ರೆ?"

"ನಿಮ್ಮ ಹಲ್ಲುಸೆಟ್ಟು ದೇವ್ರು ಕೊಟ್ಟಿದ್ದಾ ಸಾರ್?"

ಗುಡಿಸಲೊಳಗಿಂದ ಕಾವ್ಯಶ್ರೀ ಕಿಸಕ್ಕೆಂದಳು. ಶಿವಕುಮಾರಪ್ಪನ ಬಾಯಿ ಥಟ್ಟನೆ ಮುಚ್ಚಿಕೊಂಡಿತು. "ಬೇವರ್ಸಿ ಮುಂಡೆ, ಕೊಳೆತು ಸಾಯಿ! ನಿಮ್ ಹಟ್ಟಿ ಕಟ್ಟಳೆ, ನಿಮ್ ಹಣೇಬರ" ಎಂದು ಗಾಡಿ ತಿರುಗಿಸಿದ. ಎಬ್ಬಿಸಿದ ಧೂಳೆಲ್ಲ ಇವನ ಮುಖಕ್ಕೆ ಬಂತು. ಜುಂಜೇಶ್ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಅಂಗೈಗೆ ದವಡೆಯ ಮೂಲೆ ತಾಗಿತು, ಸುಡುತ್ತಿತ್ತು.

"ಹೋಗ್ತೀನಿ" ಎಂದ.

"ಎಲ್ಲಿಗಣ್ಣ?"

"ನೀರಿಗೆ."

"ಹೊಡೀತಾರೆ."

"ಹೊಡಿಬೇಕು ಅಂದ್ರೆ ಮುಟ್ಬೇಕಲ್ಲ."

ಅವನು ಬೇಲಿಯ ಬಾಯಿ ದಾಟಿದಾಗ ಮೊದಲು ಕಂಡದ್ದು ಬೀದಿಯ ನಾಯಿ. ಆಮೇಲೆ ಒಬ್ಬ ಮುದುಕ. ಮುದುಕ ಅಯ್ಯಯ್ಯೋ ಎನ್ನುತ್ತಾ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ಕಟ್ಟೆಯ ಮೇಲೆ ಇಸ್ಪೀಟಾಡುತ್ತಿದ್ದ ಗಂಡಸರು ಎದ್ದರು. ಎದ್ದವರು ಮುಂದೆ ಬರಲಿಲ್ಲ. ಅವನು ಒಂದು ಹೆಜ್ಜೆ ಇಟ್ಟರೆ ಅವರು ಎರಡು ಹೆಜ್ಜೆ ಹಿಂದೆ.

"ಹಿಡ್ಕಳ್ರೋ ಅವಳ್ನ!" ಗುಡ್ಡಪ್ಪ ಕಿರುಚಿದ.

"ನೀನೇ ಹಿಡಿ ಯಜಮಾನಪ್ಪ" ಎಂದ ಗುಂಪಿನಲ್ಲೊಬ್ಬ.

ಜಂಪಣ್ಣ ಗುಡಿಯ ಬಾಗಿಲನ್ನು ಧಡಾರನೆ ಮುಚ್ಚಿ ಅಗಳಿ ಹಾಕಿದ. ಜುಂಜೇಶ್ ಘಟಕದ ಮುಂದೆ ನಿಂತು ನಾಣ್ಯ ಹಾಕಿದ. ಕೊಡ ಇರಲಿಲ್ಲ. ಒಂದು ನಾಣ್ಯಕ್ಕೆ ಬರುವಷ್ಟು ನೀರು ಬಂದೇ ಬರುತ್ತದೆ, ನಡುವೆ ನಿಲ್ಲಿಸಬೇಕಾದರೆ ಹತ್ತಿರ ಹೋಗಿ ಗುಂಡಿ ಒತ್ತಬೇಕು. ಯಾರೂ ಹೋಗಲಿಲ್ಲ. ನಳದಿಂದ ತಣ್ಣನೆಯ, ಗಾಜಿನಂಥ ನೀರು ಧುಮುಕಿತು. ಅವನು ಪಟ್ಟಿ ಸಡಿಲಿಸಿ, ಜೇಬಿನ ಉಪ್ಪನ್ನು ಅಂಗೈಗೆ ಹಾಕಿಕೊಂಡು, ಬೊಗಸೆ ಒಡ್ಡಿ, ಬಾಯಿ ತುಂಬಿಕೊಂಡ. ಕಣ್ಣಲ್ಲಿ ನೀರು ಬಂತು. ಗಳಗಳ ಮುಕ್ಕಳಿಸುವ ಸದ್ದು ಹಟ್ಟಿಗೆಲ್ಲ ಕೇಳಿಸಿತು. ಉಗಿದ.

ಕೆಂಪು ನೀರು ನಳದ ಕೆಳಗಿನ ಹಾಸುಬಂಡೆಯ ಮೇಲೆ ಹರಡಿ ಕಟ್ಟೆಯ ಕಡೆ ಹರಿಯಿತು. ಗಂಡಸರು ಚಪ್ಪಲಿ ಎತ್ತಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಕಟ್ಟೆ ಹತ್ತಿದರು.

"ದುರ್ಗೇಶಾ! ದೋಟಿ ತಗಂಬಾರೋ!" ಗುಡ್ಡಪ್ಪ ಕೂಗಿದ.

ದುರ್ಗೇಶ್ ಓಡಿಬಂದ. ಕೈಯಲ್ಲಿ ಮರದ ಸೊಪ್ಪು ಕೊಯ್ಯುವ ಉದ್ದನೆಯ ಗಳ, ತುದಿಗೆ ಕಟ್ಟಿದ ಕುಡುಗೋಲು. ಮುಟ್ಟದೆ ಹೊಡೆಯಬಹುದಾದದ್ದು ಹಟ್ಟಿಯಲ್ಲಿ ಅದೊಂದೇ.

"ಬ್ಯಾಡ ಕಣೋ!" ಮನೆಯ ಬಾಗಿಲಿನಿಂದ ಜಯಕ್ಕ ಬರಿಗೈಯಲ್ಲಿ ಓಡಿಬರುತ್ತಿದ್ದಳು. "ನನ್ ಮಗನ ಮುಖ ಕಣೋ ಅದು!"

ಗಳ ಉದ್ದ, ತುದಿ ಭಾರ. ಕುಡುಗೋಲು ಜುಂಜೇಶನ ಎಡದವಡೆಯ ಹತ್ತಿರ ಅತ್ತಿತ್ತ ಓಲಾಡಿತು. ಅವನು ಅದರ ಕಡೆ ತಿರುಗಲೂ ಇಲ್ಲ. ನೀರು ಇನ್ನೂ ಬರುತ್ತಿತ್ತು. ಬಗ್ಗಿ, ಇನ್ನೊಂದು ಸಲ ಬಾಯಿ ತುಂಬಿಕೊಂಡು, ಗದ್ದ ಮೇಲೆತ್ತಿದ.