ಖಾಜಾಬಿಯ ಬಜೆ, ಗುಡ್ಡದ ಕೊಂಡುಕುರಿ

ಗುತ್ತಿಗೆದಾರ ಗುರುಸಂಗಪ್ಪನನ್ನು ನಾನು ಕ್ಷಮಿಸಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಹೊಂಡವಿದೆ. ಅದರ ಕೆಸರಿನಲ್ಲಿ ನನ್ನ ಅತ್ತೆ ನೆಟ್ಟ ಬಜೆ ಬೆಳೆಯುತ್ತದೆ. ಕೂಸುಗಳಿಗೆ ತೇಯ್ದು ನೆಕ್ಕಿಸುವ ಆ ಬೇರನ್ನು ಮೂವತ್ತು ವರ್ಷದಿಂದ ಸಂತೆಯಲ್ಲಿ ಮಾರುತ್ತಿದ್ದೇನೆ. ಸುತ್ತಲಿನ ಬೇರೆ ಹೊಂಡಗಳಲ್ಲಿ ಅದು ಎಂದೋ ನಾಶವಾಗಿದೆ. ಈ ಗುತ್ತಿಗೆದಾರ ತನ್ನ ಲಾರಿಗಳಿಗೆ ದಾರಿ ಮಾಡಲೆಂದು ಅರ್ಧ ಹೊಂಡಕ್ಕೆ ಮಣ್ಣು ಸುರಿದ. ಅಡ್ಡ ನಿಂತೆ.

“ಏ ಮುದುಕಿ, ಹುಲ್ಲಿಗೆ ಯಾರರ ಅಳತಾರೇನು? ಸೋಮವಾರ ಉಳಿದದ್ದೂ ಮುಚ್ಚತೇನಿ,” ಎಂದ.

ಅರಣ್ಯ ಗಾರ್ಡ್ ಪರಶುವಿನ ಬಳಿ ಓಡಿದೆ.

“ಬಜಿಗೆ ಕಾನೂನಿಲ್ಲ ಚಾಚಿ. ಅಲ್ಲಿ ಕೊಂಡುಕುರಿ ಬರ್ತಿದ್ರ ಆ ಕೆಲಸ ಇವತ್ತ ನಿಲ್ಲಸ್ತಿದ್ದೆ,” ಎಂದ.

ಎಂಥ ನ್ಯಾಯ ನೋಡಿ. ಎರಡೂ ಅಳಿಯುತ್ತಿವೆ, ಎರಡಕ್ಕೂ ನೀರು ಬೇಕು. ಗುಡ್ಡದ ಆ ಪುಟ್ಟ ಹುಲ್ಲೆಗೆ ನಾಲ್ಕು ಕೊಂಬಿವೆ, ಓಡಲು ಕಾಲಿವೆ, ಮೇಲೆ ಸರ್ಕಾರವೂ ಇದೆ. ಇನ್ನೊಂದು ನಿಂತಲ್ಲೇ ಸಾಯಬೇಕು. ಆಗಲಿ, ಅದನ್ನೇ ಇದಕ್ಕೆ ಕಾವಲಿಡುತ್ತೇನೆ ಎಂದುಕೊಂಡೆ.

ಕೊಂಡುಕುರಿ ದಿನಾ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಗುಡ್ಡದಲ್ಲಿ ಬೇರು ಹುಡುಕುವ ನನಗೆ ಆ ಜಾಗ ಗೊತ್ತು. ಮೂರು ದಿನ ಸೆರಗಿನ ತುಂಬ ತಂದು ಹೊಂಡದ ದಂಡೆಗೆ ಸುರಿದೆ. ಪರಶು ನೋಡಿ ಕೆಲಸ ನಿಲ್ಲಿಸಿದ, ಮರಕ್ಕೆ ಕ್ಯಾಮೆರಾ ಕಟ್ಟಿದ. ಅದು ತಿಳಿಯದೆ ನಾಲ್ಕನೆಯ ದಿನವೂ ಸುರಿದು ಬಂದೆ.

ಸೋಮವಾರ ಗುರುಸಂಗಪ್ಪ ಕುದಿಯುತ್ತ ಬಂದ. “ಈಕಿನ ಸೆರಗಿನ್ಯಾಗ ತಂದು ಹಾಕ್ಯಾಳ, ನಮ್ಮ ಡ್ರೈವರ್ ನೋಡ್ಯಾನ. ಕ್ಯಾಮೆರಾದಾಗಿನ ಚಿತ್ರ ತೆಗದು ನೋಡ್ರಿ.”

ಪರಶು ಚಿತ್ರಗಳನ್ನು ಮೊಬೈಲಿನಲ್ಲಿ ತೆರೆದ. ಇಣುಕಿದೆ. ಮೊದಲನೆಯದರಲ್ಲಿ ನಾನೇ, ಸೆರಗು ಕೊಡವುತ್ತ. ಮುಗಿಯಿತು ನನ್ನ ಬಜೆಯ ಕತೆ ಎಂದುಕೊಂಡೆ. ಪರಶು ನನ್ನ ಮುಖ ನೋಡಿ ಬೆರಳು ಸರಿಸಿದ. ಎರಡನೆಯದರಲ್ಲಿ ನಸುಕು, ನಾನು ಸುರಿದ ಹಿಕ್ಕೆಯನ್ನು ಮೂಸುತ್ತ ನಿಂತ ಗಂಡು ಕೊಂಡುಕುರಿ. ನಾಲ್ಕೂ ಕೊಂಬು ಸ್ಪಷ್ಟವಾಗಿದ್ದವು.

ಅದನ್ನಷ್ಟೇ ಅವನಿಗೆ ತೋರಿಸಿ ಪರಶು ಹೇಳಿದ: “ಸುರಿದ ಮಣ್ಣು ತೆಗೀಬೇಕ್ರಿ. ಜೆಸಿಬಿ ತರೂ ಹಂಗಿಲ್ಲ, ಪ್ರಾಣಿ ಹೆದರತೈತಿ. ಬುಟ್ಟಿಲೇ ತೆಗೀರಿ.”

ಸೂಡಿ, ಜಕ್ಕಲಿ ಎಂದು ಸುತ್ತಲಿನ ಊರೆಲ್ಲ ತಿರುಗಿದರೂ ಗುರುಸಂಗಪ್ಪನಿಗೆ ಒಬ್ಬ ಆಳೂ ಸಿಗಲಿಲ್ಲ. ಎಲ್ಲರೂ ನನ್ನ ಬಜೆ ನೆಕ್ಕಿ ಬೆಳೆದವರು. ಕಡೆಗೆ ತಾನೇ ಧೋತರ ಎತ್ತಿ ಕಟ್ಟಿ ಇಳಿದ. ನಾನು ದಂಡೆಯ ಮೇಲೆ ಎಲೆ-ಅಡಿಕೆ ಹಾಕಿಕೊಂಡು ಕೂತೆ. ಭಾಳ ಹಿತವಾಯಿತು.

“ಇನ್ನ ಸಾಕ ಮಾಡ್ರಿ ಚಾಚಿ,” ಎಂದ, ಮೊಣಕಾಲುದ್ದ ಕೆಸರಿನಲ್ಲಿ ನಿಂತು.

“ಹುಲ್ಲು ತುಳೀಬ್ಯಾಡ್ರಿ ಗುರುಸಂಗಪ್ಪ,” ಎಂದೆ. “ನಿಮ್ಮವ್ವ ನಿಮಗ ನೆಕ್ಕಿಸಿದ್ದೂ ಇದನ್ನ.”